ವಿಪತ್ತಿನೊಡನೆ ಬಾಳ್ವೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನಡುನಾಡಾದ ಕ್ಯಾನ್ಸಸ್ಸಿನ ರೈತನೊಬ್ಬನನ್ನು, “ಕ್ಯಾಲಿಫೋರ್ನಿಯಕ್ಕೆ ಹೋಗಿ ನೆಲಸಬಾರದೇಕೆ?” ಎಂದು ಕೇಳಿದೆವೆನ್ನಿ. “ಕಾಲ ಕೆಳಗಿನ ನೆಲವನ್ನೇ ನಂಬುವಂತಿಲ್ಲದ ಊರಿನಲ್ಲಿ ಜನ ನಿದ್ರೆಮಾಡುವುದಾದರೂ ಹೇಗೆ?” ಎಂದು ಅವನು ತಲೆಯಾಡಿಸುವುದು ಸಂಭವ. ಅದೇ ಪ್ರಶ್ನೆಯನ್ನು ತಿರುಗಿಸಿ ಕ್ಯಾಲಿಫೋರ್ನಿಯದವನನ್ನು ಕೇಳಿದರೆ, ವಸಂತ ಬಂತೆಂದರೆ ಮುಗಿಲಿನಿಂದ ಸೊಂಡಿಲು ಇಳಿಬಿಟ್ಟು ಮನೆಮಠಗಳನ್ನು ಎತ್ತಿ ಎಸೆಯುವ ಸುಂಟರಗಾಳಿಯ ನಾಡು ತನಗೆ ಬೇಡವೆನ್ನುತ್ತಾನೆ. ಫ್ಲಾರಿಡದ ಕಡಲತೀರದವನು ಇವರಿಬ್ಬರನ್ನೂ ಕಂಡು ಮರುಗುತ್ತಾನೆ. ತನ್ನ ಊರಿಗೆ ಚಂಡಮಾರುತ ಬರುವುದಾದರೆ ಕೆಲವು ದಿನ ಮೊದಲೇ ಸುದ್ದಿ ಬರುತ್ತದೆಯಲ್ಲವೆ ಎಂಬುದು ಅವನ ಸಮಾಧಾನ.

ಮೂವರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಮೂವರಲ್ಲಿ ಒಬ್ಬನೂ ತನ್ನ ಊರನ್ನು ಬಿಟ್ಟು ಹೋಗುವುದಿಲ್ಲ. ಪರರ ಊರಿನ ಅಪಾಯ ದೊಡ್ಡದಾಗಿಯೂ ನಮ್ಮ ಊರಿನ ಅಪಾಯ ಚಿಕ್ಕದಾಗಿಯೂ ಕಾಣುವುದು ಮನುಷ್ಯಸ್ವಭಾವ. ಇಂದು ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲೂ ಟೆಕ್ಸಾಸಿನಲ್ಲಿಯೂ ಸಂಸಾರ ಹೂಡಿದ್ದಾರೆ. ಅಲ್ಲಿಂದ ಭೂಕಂಪದ ಸುದ್ದಿಯೋ ಬಿರುಗಾಳಿಯ ಸುದ್ದಿಯೋ ಬಂದಾಗ ಇಲ್ಲಿ ತಾಯಿತಂದೆಯರ ಎದೆ ಡವಗುಟ್ಟುತ್ತದೆ. ಆದುದರಿಂದ ಆ ದೇಶದ ಬೇರೆ ಬೇರೆ ಭಾಗಗಳಲ್ಲಿ ಪ್ರಕೃತಿಯ ಅಪಾಯವೆಂಥದು, ಅಲ್ಲಿಯ ಜನರು ಅದರೊಡನೆ ಹೇಗೆ ಬಾಳುತ್ತಾರೆ, ಅವರ ಅನುಭವದಿಂದ ಕಲಿಯತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಭೂಪಟದ ಮೇಲೊಂದು ನೋಟ

ಒಂದೇ ದೇಶದಲ್ಲಿ ಇಷ್ಟು ಬಗೆಯ ವಿಪತ್ತುಗಳು ಕೂಡಿರಲು ಕಾರಣವೇನು? ಉತ್ತರವು ಭೂಪಟದಲ್ಲಿಯೇ ಇದೆ. ಭೂಮಿಯ ಹೊರಚಿಪ್ಪು ಕೆಲವು ಬೃಹತ್ ಶಿಲಾಫಲಕಗಳಾಗಿ ಒಡೆದಿರುವುದಷ್ಟೆ. ಅವುಗಳಲ್ಲಿ ಎರಡು, ಎಂದರೆ ಪೆಸಿಫಿಕ್ ಫಲಕ ಮತ್ತು ಉತ್ತರ ಅಮೆರಿಕ ಫಲಕ, ಕ್ಯಾಲಿಫೋರ್ನಿಯದ ಉದ್ದಕ್ಕೂ ಒಂದನ್ನೊಂದು ಉಜ್ಜಿಕೊಂಡು ಸರಿಯುತ್ತಿವೆ. ಆದುದರಿಂದ ಪಶ್ಚಿಮದ ಅಂಚು ಭೂಕಂಪದ ನಾಡು. ಆಗ್ನೇಯದಲ್ಲಿ ಮೆಕ್ಸಿಕೊ ಕೊಲ್ಲಿಯೂ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಭಾಗವೂ ಇವೆ. ಆದುದರಿಂದ ಆ ಅಂಚು ಚಂಡಮಾರುತದ ನಾಡು.

ಇನ್ನು ನಡುನಾಡು. ನಮ್ಮ ದೇಶದ ಉತ್ತರಕ್ಕೆ ಹಿಮಾಲಯವು ಪೂರ್ವಪಶ್ಚಿಮವಾಗಿ ಅಡ್ಡಗೋಡೆಯಂತೆ ನಿಂತು ಮಧ್ಯ ಏಷ್ಯದ ಕೊರೆಯುವ ಗಾಳಿಯನ್ನು ತಡೆಯುತ್ತದೆ. ಅಮೆರಿಕದಲ್ಲಿ ಇಂಥ ಅಡ್ಡಗೋಡೆಯಿಲ್ಲ. ರಾಕಿ ಪರ್ವತಶ್ರೇಣಿ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿದೆ. ಅದರ ಪೂರ್ವಕ್ಕಿರುವ ವಿಶಾಲವಾದ ಬಯಲು ಉತ್ತರಧ್ರುವದ ಕಡೆಯ ಶೀತಗಾಳಿಗೂ ಮೆಕ್ಸಿಕೊ ಕೊಲ್ಲಿಯ ತೇವಗಾಳಿಗೂ ತೆರೆದ ಬಾಗಿಲು. ಅಲ್ಲದೆ ನೈಋತ್ಯದ ಮರುಭೂಮಿಯಿಂದ ಒಣಗಾಳಿಯೂ ಬಂದು ಸೇರುತ್ತದೆ. ಈ ಮೂರು ಗಾಳಿಗಳು ಸಂಧಿಸುವ ಮೈದಾನವೇ ಸುಂಟರಗಾಳಿಯ ನಾಡು.

ಹೀಗೆ ಪ್ರತಿಯೊಂದು ಭಾಗಕ್ಕೂ ತನ್ನದೇ ಆದ ಅಪಾಯವಿದೆ. ಇವುಗಳಲ್ಲಿ ಯಾವುದು ಘೋರ ಎಂದು ಕೇಳುವುದರ ಬದಲು, ‘ಮುನ್ಸೂಚನೆ ಎಷ್ಟು ಹೊತ್ತು ಮೊದಲು ದೊರೆಯುತ್ತದೆ?’ ಎಂದು ಕೇಳಿದರೆ ಆಯಾ ಭಾಗದ ಜನಜೀವನದ ರೀತಿ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಡೆ ದಿನಗಳು, ಇನ್ನೊಂದು ಕಡೆ ನಿಮಿಷಗಳು, ಮತ್ತೊಂದು ಕಡೆ ಕೇವಲ ಸೆಕೆಂಡುಗಳು.

ದಿನಗಳ ಅವಕಾಶ: ಚಂಡಮಾರುತ

ಅಮೆರಿಕನರು ಹರಿಕೇನ್ ಎಂದು ಕರೆಯುವುದೂ ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತವೂ ಒಂದೇ ಜಾತಿಯವು. ಸಮುದ್ರದ ಮೇಲ್ಮೈಯ ಉಷ್ಣತೆ ಸುಮಾರು 26 ಅಥವಾ 27 ಡಿಗ್ರಿ ಸೆಲ್ಸಿಯಸ್ಸಿಗೆ ಏರಿದಾಗ ಅದರ ಮೇಲಿನ ತೇವಗಾಳಿ ಮೇಲಕ್ಕೇರಿ, ಅದರಲ್ಲಿರುವ ಆವಿ ಮತ್ತೆ ನೀರಾಗುತ್ತದೆ. ಆವಿಯಲ್ಲಿ ಅಡಗಿದ್ದ ಶಾಖ ಹೊರಬಿದ್ದು ಗಾಳಿಯನ್ನು ಇನ್ನೂ ಬಿಸಿಮಾಡುತ್ತದೆ. ಗಾಳಿ ಇನ್ನೂ ಬೇಗ ಏರುತ್ತದೆ. ತೆರವಾದ ಜಾಗಕ್ಕೆ ಸುತ್ತಲಿಂದ ಗಾಳಿ ನುಗ್ಗುವಾಗ ಭೂಮಿಯ ಭ್ರಮಣದಿಂದಾಗಿ ಅದು ತಿರುಗತೊಡಗುತ್ತದೆ. ಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಅದು ಒಂದನೆಯ ದರ್ಜೆಯ ಹರಿಕೇನ್. 252 ಕಿಲೋಮೀಟರ್ ಮುಟ್ಟಿದರೆ ಐದನೆಯ ದರ್ಜೆಯದು. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ ಎಂಬುದನ್ನು ವಾಚಕರು ಮರೆಯಬಾರದು. ಆದರೂ ಹೆಚ್ಚಿನ ಜನರನ್ನು ಕೊಲ್ಲುವುದು ಗಾಳಿಯಲ್ಲ, ನೀರು. ಬಿರುಗಾಳಿಯು ಕಡಲನ್ನು ಗುಡ್ಡೆಮಾಡಿ ದಡದ ಮೇಲೆ ತಳ್ಳುತ್ತದೆ. ಈ ಕಡಲುಬ್ಬರವೇ ನಿಜವಾದ ಮೃತ್ಯು.

ಟೆಕ್ಸಾಸಿನ ಗ್ಯಾಲ್ವೆಸ್ಟನ್ ಒಂದು ಮರಳುದ್ವೀಪದ ಮೇಲೆ ಕಟ್ಟಿದ ಸಂಪದ್ಭರಿತವಾದ ಬಂದರು. ಅದರ ಅತ್ಯುನ್ನತ ಸ್ಥಳವೂ ಸಮುದ್ರಮಟ್ಟಕ್ಕಿಂತ ಮೂರು ಮೀಟರು ಎತ್ತರವಿರಲಿಲ್ಲ. ಅಲ್ಲಿಗೆ ಚಂಡಮಾರುತದಿಂದ ದೊಡ್ಡ ಹಾನಿಯಾದೀತೆಂಬುದು ಬರಿಯ ಭ್ರಮೆಯೆಂದು ಅಲ್ಲಿಯ ಹವಾಮಾನಾಧಿಕಾರಿಯಾಗಿದ್ದ ಐಸಾಕ್ ಕ್ಲೈನ್ 1891ರಲ್ಲಿ ಪತ್ರಿಕೆಯಲ್ಲಿ ಬರೆದಿದ್ದರು. 1900ರ ಸೆಪ್ಟೆಂಬರ್ 8ರಂದು ಕಡಲು ಊರಿನ ಮೇಲೆ ಹರಿಯಿತು. ಕಡಿಮೆಯೆಂದರೆ 6,000 ಜನ, ಪ್ರಾಯಶಃ 8,000 ಜನ ಸತ್ತರು. ಕ್ಲೈನರ ಪತ್ನಿಯೂ ಅವರಲ್ಲೊಬ್ಬರು.

ಬದುಕಿ ಉಳಿದವರು ಊರನ್ನು ತೊರೆಯಲಿಲ್ಲ, ಊರನ್ನೇ ಎತ್ತಿದರು. ಕಡಲಿಗೆದುರಾಗಿ ಐದು ಮೀಟರಿಗೂ ಎತ್ತರದ ಗೋಡೆಯನ್ನು ಕಟ್ಟಿ, ಎರಡು ಸಾವಿರಕ್ಕೂ ಮಿಕ್ಕ ಕಟ್ಟಡಗಳನ್ನು ತಿರುಪಿನ ಜಾಕಿಗಳಿಂದ ಮೇಲೆತ್ತಿ, ಅವುಗಳ ಕೆಳಗೆ ಕಡಲ ಮರಳನ್ನು ತುಂಬಿ ನೆಲದ ಮಟ್ಟವನ್ನು ಏರಿಸಿದರು. 1915ರಲ್ಲಿ ಮತ್ತೊಂದು ಪ್ರಬಲ ಚಂಡಮಾರುತ ಬಂದಾಗ ನಗರದಲ್ಲಾದ ಪ್ರಾಣಹಾನಿ ಹಿಂದಿನದರೊಡನೆ ಹೋಲಿಸಲಾಗದಷ್ಟು ಅಲ್ಪವಾಗಿತ್ತು.

ಇಂದು ಉಪಗ್ರಹಗಳು ಸಾಗರದ ನಡುವೆ ಹುಟ್ಟುವ ಪ್ರತಿಯೊಂದು ಸುಳಿಯನ್ನೂ ಕಾಣುತ್ತವೆ. ಜೂನ್ 1ರಿಂದ ನವೆಂಬರ್ 30ರವರೆಗಿನ ಹರಿಕೇನ್ ಋತುವಿನಲ್ಲಿ ಫ್ಲಾರಿಡದ ಗೃಹಸ್ಥನು ಕಿಟಕಿಗಳಿಗೆ ಹೊದಿಸಲು ಹಲಗೆ, ಕುಡಿಯುವ ನೀರು, ವಾಹನದಲ್ಲಿ ತುಂಬಿದ ಪೆಟ್ರೋಲು ಇವುಗಳನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತಾನೆ. 1992ರ ಆಂಡ್ರೂ ಚಂಡಮಾರುತವು ದಕ್ಷಿಣ ಫ್ಲಾರಿಡದಲ್ಲಿ 25,000ಕ್ಕೂ ಮಿಕ್ಕ ಮನೆಗಳನ್ನು ನೆಲಸಮಮಾಡಿತು. ಚಾವಣಿಯ ಮೇಲೆ ಹರಿಯುವ ಗಾಳಿ ಅದನ್ನು ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಚಾವಣಿ ಹಾರಿತೆಂದರೆ ಗೋಡೆ ನಿಲ್ಲದು. ಚಾವಣಿಯನ್ನು ಗೋಡೆಗೂ ಗೋಡೆಯನ್ನು ತಳಪಾಯಕ್ಕೂ ಲೋಹದ ಪಟ್ಟಿಗಳಿಂದ ಬಿಗಿಯುವ ಕಟ್ಟುನಿಟ್ಟಿನ ಕ್ರಮವು 2002ರಲ್ಲಿ ಜಾರಿಗೆ ಬಂದ ಫ್ಲಾರಿಡದ ಕಟ್ಟಡ ನಿಯಮಾವಳಿಯಲ್ಲಿ ಸೇರಿತು.

ಆದರೆ ದಿನಗಳ ಅವಕಾಶವು ಎಲ್ಲರಿಗೂ ಒಂದೇ ಅಲ್ಲ. 2005ರ ಆಗಸ್ಟ್ 29ರಂದು ಕಟ್ರೀನಾ ಚಂಡಮಾರುತದಿಂದ ನ್ಯೂ ಆರ್ಲಿಯನ್ಸ್ ನಗರದ ರಕ್ಷಣೆಯ ಒಡ್ಡುಗಳು ಒಡೆದು ನಗರದ 80 ಭಾಗ ನೀರಿನಲ್ಲಿ ಮುಳುಗಿತು. ಊರು ಬಿಡಬೇಕೆಂಬ ಆಜ್ಞೆ ಮುನ್ನಾದಿನವೇ ಹೊರಟಿತ್ತು. ಆದರೆ ಕಾರಿಲ್ಲದವನು ಹೊರಡುವುದು ಹೇಗೆ? ಹಾಸಿಗೆ ಹಿಡಿದ ಮುದುಕಿ ಹೊರಡುವುದು ಹೇಗೆ? ಲೂಯಿಸಿಯಾನದಲ್ಲಿ ಸತ್ತವರಲ್ಲಿ ಸುಮಾರು ಅರ್ಧಭಾಗ 75 ವರ್ಷ ದಾಟಿದವರು. ಇದಕ್ಕೆ ಪ್ರತಿಯಾಗಿ ನಮ್ಮ ದೇಶದ ಒಂದು ಉದಾಹರಣೆಯನ್ನು ನೆನೆಯಬಹುದು. 1999ರ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಲಕ್ಷಗಟ್ಟಲೆ ಜನರನ್ನು ಸರ್ಕಾರವೇ ಕರೆದೊಯ್ದು ಆಶ್ರಯಗೃಹಗಳಲ್ಲಿ ಇರಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಸೂಚನೆ ಕೊಡುವುದು ಅರ್ಧ ಕೆಲಸ. ಸೂಚನೆಯಂತೆ ನಡೆಯಲು ಅನುಕೂಲ ಒದಗಿಸುವುದು ಉಳಿದರ್ಧ.

ನಿಮಿಷಗಳ ಅವಕಾಶ: ಸುಂಟರಗಾಳಿ

ಟಾರ್ನೆಡೊ ಎಂಬ ಸುಂಟರಗಾಳಿ ಅಮೆರಿಕದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಕಾಣಿಸಿಕೊಳ್ಳುತ್ತದೆ. ನೆಲದ ಬಳಿ ಗಾಳಿ ಮೆಲ್ಲಗೂ ಮೇಲೆ ವೇಗವಾಗಿಯೂ, ಬೇರೊಂದು ದಿಕ್ಕಿನಿಂದಲೂ ಬೀಸುತ್ತಿದ್ದರೆ, ನಡುವಿನ ಗಾಳಿಯು ಅಂಗೈಗಳ ನಡುವೆ ಹೊಸೆದ ಬತ್ತಿಯಂತೆ ಅಡ್ಡಲಾಗಿ ಉರುಳತೊಡಗುತ್ತದೆ. ಬಿಸಿಯಾದ ತೇವಗಾಳಿ ರಭಸದಿಂದ ಮೇಲೇರುವಾಗ ಈ ಉರುಳೆಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಹೀಗೆ ಗುಡುಗಿನ ಮೋಡವೇ ತಿರುಗತೊಡಗಿ, ಕೆಲವು ಸಲ ಅದರ ತಳದಿಂದ ಸೊಂಡಿಲು ನೆಲಕ್ಕಿಳಿಯುತ್ತದೆ. ತಿರುಗುವ ಮೋಡಗಳೆಲ್ಲ ಸುಂಟರಗಾಳಿಯನ್ನು ಹೆರುವುದಿಲ್ಲ. ಯಾವುದು ಹೆರುತ್ತದೆ, ಯಾವುದು ಹೆರುವುದಿಲ್ಲ ಎಂಬುದನ್ನು ವಿಜ್ಞಾನಿಗಳು ಇನ್ನೂ ಪೂರ್ತಿಯಾಗಿ ಬಿಡಿಸಿಲ್ಲ.

1925ರ ಮಾರ್ಚ್ 18ರಂದು ಮಿಸೌರಿ, ಇಲಿನಾಯ್, ಇಂಡಿಯಾನ ಎಂಬ ಮೂರು ರಾಜ್ಯಗಳ ಮೇಲೆ ಒಂದೇ ಸುಂಟರಗಾಳಿ ಮೂರೂವರೆ ಗಂಟೆಯಲ್ಲಿ ಸುಮಾರು 350 ಕಿಲೋಮೀಟರ್ ಓಡಿ 695 ಜನರನ್ನು ಬಲಿತೆಗೆದುಕೊಂಡಿತು. ಅವರಿಗೆ ಯಾವ ಸೂಚನೆಯೂ ಇರಲಿಲ್ಲ. ಸೂಚನೆ ಕೊಡುವ ಶಕ್ತಿ ಆಗಿರಲಿಲ್ಲವೆಂಬುದು ಒಂದು ಕಾರಣ. ಆ ಹೆಸರನ್ನು ಕೇಳಿದರೆ ಜನ ದಿಗಿಲುಬಿದ್ದಾರೆಂದು 1938ರವರೆಗೂ ಹವಾಮಾನ ಇಲಾಖೆಯ ಮುನ್ಸೂಚನೆಗಳಲ್ಲಿ ‘ಟಾರ್ನೆಡೊ’ ಎಂಬ ಶಬ್ದವನ್ನೇ ಬಳಸದೆ ಇದ್ದುದು ಇನ್ನೊಂದು ಕಾರಣ.

1948ರ ಮಾರ್ಚ್ 20ರಂದು ಓಕ್ಲಹೋಮದ ಟಿಂಕರ್ ವಾಯುನೆಲೆಯನ್ನು ಸುಂಟರಗಾಳಿಯೊಂದು ಅನಿರೀಕ್ಷಿತವಾಗಿ ಹೊಡೆಯಿತು. ಅಲ್ಲಿಯ ಹವಾಮಾನಾಧಿಕಾರಿಗಳಾದ ಅರ್ನೆಸ್ಟ್ ಫಾಬುಷ್ ಮತ್ತು ರಾಬರ್ಟ್ ಮಿಲ್ಲರ್ ಅಂದಿನ ವಾಯುಸ್ಥಿತಿಯನ್ನು ಕೂಲಂಕಷವಾಗಿ ಅಭ್ಯಸಿಸಿದರು. ಐದೇ ದಿನಗಳ ತರುವಾಯ ಅದೇ ಬಗೆಯ ವಾಯುಸ್ಥಿತಿ ಮತ್ತೆ ಕಾಣಿಸಿತು. ಒಂದೇ ಸ್ಥಳಕ್ಕೆ ಐದು ದಿನಗಳಲ್ಲಿ ಎರಡು ಸಲ ಸುಂಟರಗಾಳಿ ಬರುವುದು ನಂಬಲಸಾಧ್ಯವೆಂದು ತಿಳಿದಿದ್ದರೂ ಅವರು ಧೈರ್ಯಮಾಡಿ ಮುನ್ಸೂಚನೆ ಹೊರಡಿಸಿದರು. ಸಂಜೆ ಸುಂಟರಗಾಳಿ ಬಂದೇ ಬಂದಿತು. ಟಾರ್ನೆಡೊ ಮುನ್ಸೂಚನೆಯ ಶಾಸ್ತ್ರ ಆರಂಭವಾದುದು ಹೀಗೆ.

ಇಂದು ಡಾಪ್ಲರ್ ರಾಡಾರುಗಳು ಮೋಡದೊಳಗಿನ ಗಾಳಿ ತಮ್ಮತ್ತ ಬರುತ್ತಿದೆಯೆ, ತಮ್ಮಿಂದ ದೂರ ಸರಿಯುತ್ತಿದೆಯೆ ಎಂಬುದನ್ನು ಅಳೆದು ತಿರುಗುವಿಕೆಯನ್ನು ಪತ್ತೆಹಚ್ಚುತ್ತವೆ. ಆದರೂ ಜನರಿಗೆ ದೊರೆಯುವ ಅವಕಾಶ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಊರು ಬಿಡಲಾಗದು, ಮನೆಯಲ್ಲಿಯೇ ಅಡಗಬೇಕು. ಆದುದರಿಂದ ಈ ನಾಡಿನವರು ನೆಲಮಾಳಿಗೆಗೆ ಇಳಿಯುತ್ತಾರೆ. ನೆಲಮಾಳಿಗೆಯಿಲ್ಲದಿದ್ದರೆ ಕಿಟಕಿಗಳಿಲ್ಲದ ಒಳಕೋಣೆಯನ್ನು, ಬಹುಮಟ್ಟಿಗೆ ಬಚ್ಚಲುಮನೆಯನ್ನು ಸೇರುತ್ತಾರೆ. ಶಾಲೆಯ ಮಕ್ಕಳಿಗೂ ಇದರ ಅಭ್ಯಾಸ ಮಾಡಿಸುತ್ತಾರೆ.

ಇಲ್ಲಿ ಬೇರೊಂದು ತೊಡಕಿದೆ. ಎಚ್ಚರಿಕೆ ಕೊಟ್ಟ ಸಲವೆಲ್ಲ ಸುಂಟರಗಾಳಿ ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಎಚ್ಚರಿಕೆಗಳು ಹುಸಿಯಾಗುತ್ತವೆ. ‘ತೋಳ ಬಂತು ತೋಳ’ ಎಂಬ ಕಥೆ ನಮಗೆಲ್ಲ ಗೊತ್ತು. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್ ಪಟ್ಟಣದಲ್ಲಿ ಮೊದಲ ಕಹಳೆ ಮೊಳಗಿದಾಗ ಅನೇಕರು ಕೂಡಲೇ ಆಶ್ರಯ ಹಿಡಿಯದೆ ಮತ್ತೊಂದು ಖಾತ್ರಿಗಾಗಿ ಕಾದರೆಂದು ಆಮೇಲಿನ ವಿಚಾರಣೆಯಿಂದ ತಿಳಿದುಬಂದಿತು. ಅಂದು ಸುಮಾರು 160 ಜನ ಸತ್ತರು. ಆದರೆ ಈ ಕಥೆಯಲ್ಲಿ ಹುಡುಗನು ಸುಳ್ಳುಗಾರನಲ್ಲ. ಅವನಿಗೆ ಪೊದೆ ಅಲುಗಾಡುವುದು ಮಾತ್ರ ಕಾಣುತ್ತದೆ. ಒಳಗಿರುವುದು ತೋಳವೊ ಗಾಳಿಯೊ ಎಂದು ನೋಡಿ ಬರುವಷ್ಟು ಹೊತ್ತಿಲ್ಲ.

ಸೆಕೆಂಡುಗಳ ಅವಕಾಶ: ಭೂಕಂಪ

ಕ್ಯಾಲಿಫೋರ್ನಿಯದ ಉದ್ದಕ್ಕೂ ಸುಮಾರು 1,200 ಕಿಲೋಮೀಟರ್ ಹಬ್ಬಿರುವ ಬಿರುಕಿಗೆ ಸ್ಯಾನ್ ಆಂಡ್ರಿಯಾಸ್ ಸ್ತರಭಂಗವೆಂದು ಹೆಸರು. ಅದರ ಎರಡು ಪಕ್ಕಗಳ ಫಲಕಗಳು ಒಟ್ಟಿನಲ್ಲಿ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಒಂದನ್ನೊಂದು ದಾಟಿ ಸರಿಯುತ್ತಿವೆ. ಆದರೆ ಬಿರುಕಿನ ಅಂಚುಗಳು ಘರ್ಷಣೆಯಿಂದ ಕಚ್ಚಿಕೊಂಡಿರುತ್ತವೆ. ಒಳನಾಡು ಸರಿಯುತ್ತಿದ್ದರೂ ಅಂಚು ಸರಿಯದೆ ಇರುವುದರಿಂದ ನಡುವಿನ ಬಂಡೆ ಬಿಲ್ಲಿನಂತೆ ಬಾಗುತ್ತದೆ. ಒಂದು ದಿನ ಕಚ್ಚಿಕೊಂಡದ್ದು ಬಿಟ್ಟುಹೋಗಿ, ಬಿಲ್ಲು ಸಟ್ಟನೆ ನೆಟ್ಟಗಾಗುತ್ತದೆ. ಅದೇ ಭೂಕಂಪ.

1906ರ ಏಪ್ರಿಲ್ 18ರ ಮುಂಜಾನೆ ಈ ಸ್ತರಭಂಗ ಸುಮಾರು 470 ಕಿಲೋಮೀಟರ್ ಉದ್ದಕ್ಕೆ ಜಾರಿತು. ಕೆಲವೆಡೆ ಬೇಲಿಗಳೂ ರಸ್ತೆಗಳೂ ಆರು ಮೀಟರಿನವರೆಗೆ ಪಕ್ಕಕ್ಕೆ ಸರಿದವು. ಒಂದು ಶತಮಾನಕ್ಕೂ ಮೀರಿದ ಚಲನೆ ಒಂದು ನಿಮಿಷದಲ್ಲಿ ಮುಗಿದಿತ್ತು. ನೀರಿನ ಕೊಳವೆಗಳು ಒಡೆದುಹೋದುದರಿಂದ ಸ್ಯಾನ್‌ಫ್ರಾನ್ಸಿಸ್ಕೋ ಮೂರು ದಿನ ಹೊತ್ತಿ ಉರಿಯಿತು. ಸುಮಾರು 3,000 ಜನ ಸತ್ತರು. ಈ ಬೇಲಿಗಳನ್ನೂ ಹಿಂದಿನ ಭೂಮಾಪನದ ಅಳತೆಗಳನ್ನೂ ಅಭ್ಯಸಿಸಿ ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿ 1910ರಲ್ಲಿ ಮೇಲೆ ಹೇಳಿದ ಬಿಲ್ಲಿನ ತತ್ತ್ವವನ್ನು ಪ್ರತಿಪಾದಿಸಿದನು.

ಭೂಕಂಪ ಯಾವ ದಿನ ಆಗುವುದೆಂದು ಮೊದಲೇ ಹೇಳುವ ವಿದ್ಯೆ ಯಾರಲ್ಲಿಯೂ ಇಲ್ಲ. ಆದರೆ ಅದು ಆರಂಭವಾದ ಮೇಲೆ ಕೊಂಚ ಅವಕಾಶವುಂಟು. ಭೂಕಂಪದಿಂದ ಎರಡು ಬಗೆಯ ತರಂಗಗಳು ಹೊರಡುತ್ತವೆ. ಪ್ರಾಥಮಿಕ ತರಂಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಿಂದ ಓಡುತ್ತದೆ, ಅದು ಸೌಮ್ಯ. ಕಟ್ಟಡಗಳನ್ನು ಅಲುಗಾಡಿಸುವ ದ್ವಿತೀಯ ತರಂಗದ ವೇಗ ಸುಮಾರು ಮೂರೂವರೆ ಕಿಲೋಮೀಟರ್. ನೂರು ಕಿಲೋಮೀಟರ್ ದೂರದ ಊರಿಗೆ ಮೊದಲನೆಯದು 17 ಸೆಕೆಂಡಿನಲ್ಲಿ ಮುಟ್ಟಿದರೆ ಎರಡನೆಯದು 29 ಸೆಕೆಂಡಿನಲ್ಲಿ ಮುಟ್ಟುತ್ತದೆ. ಅಂತರ 12 ಸೆಕೆಂಡು. ವಿದ್ಯುತ್ಸಂದೇಶವಾದರೋ ಇವೆರಡಕ್ಕಿಂತಲೂ ಬಹು ವೇಗಶಾಲಿ. ಕೇಂದ್ರದ ಬಳಿಯ ಯಂತ್ರಗಳು ಪ್ರಾಥಮಿಕ ತರಂಗವನ್ನು ಗುರುತಿಸಿ ದೂರದವರಿಗೆ ಸುದ್ದಿ ಕಳುಹಿಸುವ ಏರ್ಪಾಡು 2019ರಲ್ಲಿ ಕ್ಯಾಲಿಫೋರ್ನಿಯದ ಸಾರ್ವಜನಿಕರಿಗೂ, 2021ರಲ್ಲಿ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳವರಿಗೂ ದೊರೆಯಿತು. ಅಷ್ಟು ಹೊತ್ತಿನಲ್ಲಿ ರೈಲಿನ ವೇಗ ತಗ್ಗಿಸಬಹುದು. ವೈದ್ಯನು ಕತ್ತಿಯನ್ನು ಹಿಂದಕ್ಕೆ ತೆಗೆಯಬಹುದು. ವಿದ್ಯಾರ್ಥಿ ಮೇಜಿನ ಕೆಳಗೆ ನುಸುಳಿ ಅದರ ಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳಬಹುದು. ಕೇಂದ್ರದ ಮೇಲೆಯೇ ಇರುವವರಿಗೆ ಮಾತ್ರ ಈ ಅವಕಾಶವೂ ಇಲ್ಲ.

ಆದುದರಿಂದ ಇಲ್ಲಿ ಜೀವ ಉಳಿಸುವುದು ಮುನ್ಸೂಚನೆಗಿಂತ ಹೆಚ್ಚಾಗಿ ಕಟ್ಟಡ. 1933ರ ಮಾರ್ಚ್ 10ರಂದು ಲಾಂಗ್ ಬೀಚ್ ಭೂಕಂಪದಲ್ಲಿ ಅನೇಕ ಶಾಲೆಗಳು ಕುಸಿದವು. ಸಂಜೆ ಆರರ ಸಮೀಪವಾಗಿದ್ದುದರಿಂದ ಮಕ್ಕಳು ಮನೆ ಸೇರಿದ್ದರು. ಕೆಲವು ಗಂಟೆ ಮೊದಲಾಗಿದ್ದರೆ ಏನಾಗುತ್ತಿತ್ತೆಂಬ ಭಯವೇ ಶಾಸನಸಭೆಯನ್ನು ಎಚ್ಚರಿಸಿತು; ಒಂದೇ ತಿಂಗಳಲ್ಲಿ ಶಾಲಾ ಕಟ್ಟಡಗಳ ಭದ್ರತೆಗಾಗಿ ಫೀಲ್ಡ್ ಕಾಯಿದೆ ಬಂದಿತು. ಸುಸಜ್ಜಿತ ಕಟ್ಟಡದ ಬೆಲೆ ತಿಳಿಯಲು ಎರಡು ಭೂಕಂಪಗಳನ್ನು ಹೋಲಿಸಬಹುದು. 1989ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಪ್ರಾಂತದ ಭೂಕಂಪದ ಪರಿಮಾಣ 6.9, ಸತ್ತವರು 63 ಜನ. 2010ರಲ್ಲಿ ಹೈಟಿ ದೇಶದ ಭೂಕಂಪದ ಪರಿಮಾಣ 7.0, ಸತ್ತವರು ಲಕ್ಷಕ್ಕೂ ಮಿಕ್ಕು. ಹೈಟಿಯಲ್ಲಿ ಭೂಕಂಪದ ಕೇಂದ್ರ ರಾಜಧಾನಿಗೆ ಹತ್ತಿರವಾಗಿತ್ತೆಂಬುದು ನಿಜ. ಆದರೆ ಅಂತರದ ದೊಡ್ಡ ಪಾಲು ಕಟ್ಟಡಗಳದು.

ಅಮೆರಿಕದ ವಾಯವ್ಯ ತೀರದ ಕಥೆ ಇನ್ನೂ ವಿಚಿತ್ರವಾದುದು. ಅಲ್ಲಿ ಮಹಾಭೂಕಂಪವಾದುದಕ್ಕೆ ಬಿಳಿಯರ ಬರಹದಲ್ಲಿ ಯಾವ ದಾಖಲೆಯೂ ಇರಲಿಲ್ಲ. ಆದರೆ 1980ರ ದಶಕದಲ್ಲಿ ವಿಜ್ಞಾನಿಗಳು ಕಡಲಂಚಿನ ಜೌಗಿನಲ್ಲಿ ನಿಂತಲ್ಲೇ ಸತ್ತ ಮರಗಳನ್ನೂ, ಹುಲ್ಲುನೆಲದ ಮೇಲೆ ಕಡಲು ಹರಡಿಹೋದ ಮರಳ ಪದರವನ್ನೂ ಗುರುತಿಸಿದರು. ನೆಲ ಹಠಾತ್ತಾಗಿ ಕುಸಿದು ಉಪ್ಪುನೀರು ನುಗ್ಗಿತ್ತು. ಅತ್ತ ಜಪಾನಿನ ಹಳೆಯ ಕಡತಗಳಲ್ಲಿ, ಭೂಕಂಪದ ಅನುಭವವೇ ಇಲ್ಲದೆ 1700ರ ಜನವರಿ ಕೊನೆಯಲ್ಲಿ ದಡಕ್ಕೆ ಬಂದಪ್ಪಳಿಸಿದ ಸುನಾಮಿಯೊಂದರ ಉಲ್ಲೇಖವಿತ್ತು. ಎರಡನ್ನೂ ಹೊಂದಿಸಿದಾಗ, 1700ರ ಜನವರಿ 26ರ ರಾತ್ರಿ ಪರಿಮಾಣ 9ರ ಸಮೀಪದ ಭೂಕಂಪ ಅಲ್ಲಿ ನಡೆದಿತ್ತೆಂಬುದು ಸ್ಪಷ್ಟವಾಯಿತು. ಅಲ್ಲಿಯ ಮೂಲನಿವಾಸಿಗಳು ನೆಲ ನಡುಗಿ ಕಡಲು ನುಗ್ಗಿದ ಕಥೆಯನ್ನು ತಲೆಮಾರುಗಳಿಂದ ಹೇಳುತ್ತಲೇ ಬಂದಿದ್ದರು; ಕೇಳುವವರಿರಲಿಲ್ಲ.

ಮನುಷ್ಯನೇ ಉಣಿಸು ಹಾಕಿದ ಬೆಂಕಿ

ಪಶ್ಚಿಮದ ರಾಜ್ಯಗಳಿಗೆ ಇನ್ನೊಂದು ಶತ್ರುವಿದೆ: ಕಾಳ್ಗಿಚ್ಚು. ಶರತ್ಕಾಲದಲ್ಲಿ ಒಳನಾಡಿನ ಎತ್ತರದ ಮರುಭೂಮಿಯಿಂದ ಕಡಲಿನತ್ತ ಗಾಳಿ ಇಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತ, ಒಣಗುತ್ತ ಬರುತ್ತದೆ. ಮಳೆ ಕಾಣದ ಬೇಸಿಗೆಯಲ್ಲಿ ಗರಿಗರಿಯಾದ ಗಿಡಮರಗಳಿಗೆ ಆಗ ಒಂದು ಕಿಡಿ ಸಾಕು. 2018ರ ನವೆಂಬರ್ 8ರಂದು ಉತ್ತರ ಕ್ಯಾಲಿಫೋರ್ನಿಯದ ಪ್ಯಾರಡೈಸ್ ಪಟ್ಟಣವನ್ನು, ಎಂದರೆ ಹೆಸರಿಗೆ ‘ಸ್ವರ್ಗ’ವೇ ಆದ ಊರನ್ನು, ಬೆಂಕಿ ಹಗಲೊಂದರಲ್ಲಿ ನುಂಗಿತು. 85 ಜನ ಸತ್ತರು. 18,000ಕ್ಕೂ ಮಿಕ್ಕ ಕಟ್ಟಡಗಳು ಬೂದಿಯಾದವು. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ನಗರದ ಅಂಚಿನಲ್ಲಿಯೂ ಇಂಥದೇ ಅನಾಹುತ ನಡೆಯಿತು.

ಬಿರುಗಾಳಿಯನ್ನಾಗಲಿ ಭೂಕಂಪವನ್ನಾಗಲಿ ಮನುಷ್ಯ ತಡೆಯಲಾರ. ಬೆಂಕಿಯನ್ನು ತಡೆಯಬಲ್ಲೆನೆಂದು ಅವನು ತಿಳಿದ. ತೊಡಕು ಇಲ್ಲಿಯೇ ಹುಟ್ಟಿತು. ಹಿಂದೆ ಮೂಲನಿವಾಸಿಗಳು ಕಾಡಿನ ತಳದ ಕಸಕಡ್ಡಿಗಳನ್ನು ಆಗಾಗ ಸಣ್ಣ ಬೆಂಕಿಯಿಂದ ಸುಡುತ್ತಿದ್ದರು. 1935ರಲ್ಲಿ ಅರಣ್ಯ ಇಲಾಖೆ, ಕಾಣಿಸಿಕೊಂಡ ಬೆಂಕಿಯನ್ನೆಲ್ಲ ಮರುದಿನ ಬೆಳಗಿನ 10 ಗಂಟೆಯೊಳಗೆ ಆರಿಸಬೇಕೆಂಬ ನೀತಿಯನ್ನು ಕೈಗೊಂಡಿತು. ಸಣ್ಣ ಬೆಂಕಿಗಳು ನಿಂತವು; ಮಲೆಗಾಡುಗಳಲ್ಲಿ ಉರುವಲು ದಶಕಗಟ್ಟಲೆ ಒಟ್ಟಿತು. ಅದರ ನಡುವೆ ಮನೆಗಳೂ ಎದ್ದವು. ಹವೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಆ ಸಾಲವನ್ನು ಬಡ್ಡಿಸಹಿತ ತೀರಿಸಬೇಕಾಗಿ ಬಂದಿದೆ. ಮನೆಗಳು ಹೊತ್ತಿಕೊಳ್ಳುವುದು ಬಹುಮಟ್ಟಿಗೆ ಜ್ವಾಲೆಯ ಗೋಡೆಯಿಂದಲ್ಲ, ಮುಂದಾಗಿ ಹಾರಿಬರುವ ಕೆಂಡಗಳಿಂದ. ಆದುದರಿಂದ ಬೆಂಕಿ ತಗಲದ ಮಾಡು, ತರಗೆಲೆ ತುಂಬದ ಮಳೆನೀರಿನ ದೋಣಿ, ಮನೆಯ ಸುತ್ತ 30 ಮೀಟರಿನವರೆಗೆ ಕಸಪೊದೆಗಳಿಲ್ಲದ ನೆಲ ಇವುಗಳನ್ನು ಅಲ್ಲಿಯ ನಿಯಮಗಳು ಕೇಳುತ್ತವೆ.

ನೂರು ವರ್ಷದ ನೆರೆಯೆಂದರೇನು?

ಮಿಸಿಸಿಪಿಯಂಥ ನದಿಗಳ ತೀರದವರು ‘ನೂರು ವರ್ಷದ ನೆರೆ’ ಎಂಬ ಮಾತನ್ನು ಕೇಳುತ್ತಲೇ ಇರುತ್ತಾರೆ. ನೂರು ವರ್ಷಕ್ಕೊಮ್ಮೆ ಬರುವುದು, ಹೋದ ವರ್ಷ ಬಂದುಹೋಯಿತು, ಇನ್ನು ನಮ್ಮ ಕಾಲಕ್ಕೆ ಚಿಂತೆಯಿಲ್ಲ ಎಂದು ಜನ ತಿಳಿಯುತ್ತಾರೆ. ಇದು ಅಪಾಯಕಾರಿಯಾದ ತಪ್ಪು. ಅದರ ಅರ್ಥ, ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ನೆರೆ ಬರುವ ಸಂಭವ ನೂರರಲ್ಲಿ ಒಂದು ಎಂದಷ್ಟೆ. ಹೋದ ವರ್ಷ ಬಂದದ್ದನ್ನು ನದಿ ನೆನಪಿಟ್ಟುಕೊಂಡಿರುವುದಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಒಬ್ಬನು 30 ವರ್ಷದ ಸಾಲದ ಮೇಲೆ ಇಂಥ ನೆಲದಲ್ಲಿ ಮನೆ ಕೊಂಡನೆನ್ನಿ. ಒಂದು ವರ್ಷ ನೆರೆ ಬಾರದಿರುವ ಸಂಭವ 0.99. ಮೂವತ್ತು ವರ್ಷವೂ ಬಾರದಿರುವ ಸಂಭವ, 0.99ನ್ನು ಮೂವತ್ತು ಸಲ ಗುಣಿಸಿದರೆ ಬರುವ 0.74. ಎಂದರೆ ಸಾಲ ತೀರುವುದರೊಳಗೆ ಒಂದು ಸಲವಾದರೂ ಮನೆಗೆ ನೀರು ನುಗ್ಗುವ ಸಂಭವ ನೂರಕ್ಕೆ 26, ಹೆಚ್ಚುಕಡಿಮೆ ನಾಲ್ಕರಲ್ಲೊಂದು! ನಮ್ಮ ವಾಚಕರು ಇದೇ ಲೆಕ್ಕವನ್ನು ನೂರು ವರ್ಷಕ್ಕೆ ಮಾಡಿದರೆ ಉತ್ತರ ನೂರಕ್ಕೆ ನೂರಾಗಿರದೆ ಸುಮಾರು 63 ಆಗಿರುವುದನ್ನು ಕಂಡು ಆಶ್ಚರ್ಯಪಡಬಹುದು.

ಭೂಗೋಲಜ್ಞರಾದ ಗಿಲ್ಬರ್ಟ್ ವೈಟ್ 1940ರ ದಶಕದಲ್ಲಿಯೇ ಒಂದು ಮುಖ್ಯ ವಿಚಾರವನ್ನು ಎತ್ತಿ ತೋರಿಸಿದರು: ನೆರೆಯನ್ನು ತರುವುದು ಪ್ರಕೃತಿಯಾದರೂ, ಅದರ ನಷ್ಟವನ್ನು ಬೆಳೆಸುವವನು ಬಹುಮಟ್ಟಿಗೆ ನದಿಯ ಪಾತ್ರದಲ್ಲಿ ಹೋಗಿ ನೆಲಸುವ ಮನುಷ್ಯನೇ. ನದಿಗೆ ಒಡ್ಡು ಹಾಕಿದೊಡನೆ ಜನರಿಗೆ ಧೈರ್ಯ ಬರುತ್ತದೆ. ಒಡ್ಡಿನ ಹಿಂದೆ ಮನೆಗಳೂ ಅಂಗಡಿಗಳೂ ಏಳುತ್ತವೆ. ಸಣ್ಣ ನೆರೆಗಳನ್ನು ಒಡ್ಡು ತಡೆಯುತ್ತದೆ. ಆದರೆ ಒಂದು ದಿನ ಒಡ್ಡನ್ನು ಮೀರಿದ ನೆರೆ ಬಂದಾಗ, ಒಡ್ಡೇ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ನಷ್ಟವಾಗುತ್ತದೆ. ಸುರಕ್ಷಿತತೆಯ ಭಾವನೆಯೇ ಅಪಾಯವನ್ನು ಬೆಳೆಸುವ ಈ ವಿಪರ್ಯಾಸವನ್ನು ನೆರೆಯಲ್ಲಿ ಮಾತ್ರವಲ್ಲ, ಬೆಂಕಿಯ ಕಥೆಯಲ್ಲಿಯೂ ಈಗಾಗಲೇ ಕಂಡೆವು.

ಸುರಕ್ಷಿತವಾದ ಊರು ಯಾವುದು?

ವಿಜ್ಞಾನಿಗಳು ಗಂಡಾಂತರವನ್ನು ಮೂರು ಸಂಗತಿಗಳ ಗುಣಲಬ್ಧವೆಂದು ಭಾವಿಸುತ್ತಾರೆ. ಪ್ರಕೃತಿಯ ಆಘಾತ ಒಂದು, ಅದರ ಹಾದಿಯಲ್ಲಿರುವ ಜನ ಮತ್ತು ಆಸ್ತಿ ಎರಡು, ಅವರ ದುರ್ಬಲತೆ ಮೂರು. ಗುಣಾಕಾರದಲ್ಲಿ ಯಾವ ಒಂದು ಅಂಶ ಸೊನ್ನೆಯ ಸಮೀಪಕ್ಕೆ ಬಂದರೂ ಉತ್ತರ ಚಿಕ್ಕದಾಗುತ್ತದೆ. ಮೊದಲನೆಯದು ನಮ್ಮ ಕೈಯಲ್ಲಿ ಇಲ್ಲವೆಂದೇ ಹೇಳಬಹುದು. ಉಳಿದೆರಡು ನಮ್ಮ ಕೈಯಲ್ಲಿವೆ. ಸುಂಟರಗಾಳಿ ಶ್ರೀಮಂತರ ಬೀದಿ, ಬಡವರ ಬೀದಿ ಎಂದು ನೋಡುವುದಿಲ್ಲ. ಆದರೆ ಅದರಿಂದ ಸಾಯುವವರಲ್ಲಿ ಬಹುದೊಡ್ಡ ಪಾಲು, ಕಾರ್ಖಾನೆಯಲ್ಲಿ ತಯಾರಾಗಿ ಗಾಲಿಗಳ ಮೇಲೆ ಬಂದು ನೆಲದಲ್ಲಿ ಭದ್ರವಾಗಿ ಬೇರೂರದ ಅಗ್ಗದ ಮನೆಗಳಲ್ಲಿ ವಾಸಿಸುವವರದು.

ಹಾಗಾದರೆ ಭೂಕಂಪ, ಬಿರುಗಾಳಿ, ಬೆಂಕಿ ಇವು ಯಾವುವೂ ವಿಶೇಷವಾಗಿ ಕಾಡದ ಷಿಕಾಗೋದಂಥ ನಗರವೇ ಲೇಸೆ? 1995ರ ಜುಲೈಯಲ್ಲಿ ಅಲ್ಲಿ ಕೆಲವು ದಿನ ಸೆಕೆ ಹೆಚ್ಚಿತು, ಅಷ್ಟೆ. ಮನೆ ಕುಸಿಯಲಿಲ್ಲ, ಮರ ಉರುಳಲಿಲ್ಲ. ಆದರೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಮಂದಿ ಒಂಟಿಯಾಗಿ ಮುಚ್ಚಿದ ಕೋಣೆಗಳಲ್ಲಿದ್ದ ಬಡ ವೃದ್ಧರು. ನೆರೆಹೊರೆಯವರು ಬಾಗಿಲು ತಟ್ಟಿ ವಿಚಾರಿಸುವ ಕೇರಿಗಳಲ್ಲಿ ಸಾವು ಕಡಿಮೆಯಾಗಿತ್ತೆಂದು ಆಮೇಲಿನ ಅಧ್ಯಯನ ತೋರಿಸಿತು. ಅಮೆರಿಕದಲ್ಲಿ ಬಹುತೇಕ ವರ್ಷಗಳಲ್ಲಿ ಬಿರುಗಾಳಿ, ಭೂಕಂಪಗಳಿಗಿಂತ ಹೆಚ್ಚು ಜನರನ್ನು ಕೊಲ್ಲುವುದು ಈ ಸದ್ದಿಲ್ಲದ ಸೆಕೆಯೇ.

ಅಪಾಯವೇ ಇಲ್ಲದ ಊರು ಭೂಪಟದಲ್ಲಿಲ್ಲ. ತನ್ನ ಅಪಾಯವನ್ನು ಅರಿತ ಊರು, ಅರಿಯದ ಊರು ಎಂಬ ಎರಡೇ ಬಗೆ. ಗ್ಯಾಲ್ವೆಸ್ಟನ್ ಅರಿಯಲು ಸಾವಿರಾರು ಪ್ರಾಣಗಳ ಬೆಲೆ ತೆತ್ತಿತು. ಲಾಂಗ್ ಬೀಚ್ ಅದೃಷ್ಟವಶಾತ್ ಅಗ್ಗದಲ್ಲಿ ಕಲಿಯಿತು. ಇನ್ನು ಮುಂದೆ ಆ ದೂರದೇಶದಿಂದ ವಿಪತ್ತಿನ ಸುದ್ದಿ ಬಂದಾಗ ನಾವು, “ನಿನ್ನ ಮನೆಯಿಂದ ಎಷ್ಟು ದೂರ?” ಎಂದು ಮಾತ್ರ ಕೇಳಿ ಸುಮ್ಮನಾಗಬೇಕಾಗಿಲ್ಲ. ಅಲ್ಲಿರುವ ಅಣ್ಣನನ್ನೊ ಅಕ್ಕನನ್ನೊ, ಸುದ್ದಿಯಿಲ್ಲದ ದಿನಗಳಲ್ಲಿಯೇ ಮೂರು ಪ್ರಶ್ನೆ ಕೇಳೋಣ: ನಿಮ್ಮ ಊರಿನಲ್ಲಿ ಮುನ್ಸೂಚನೆ ಎಷ್ಟು ಹೊತ್ತು ಮೊದಲು ಸಿಗುತ್ತದೆ? ನೀವಿರುವ ಮನೆ ಅದಕ್ಕೆ ತಕ್ಕಂತೆ ಕಟ್ಟಿದ್ದೆ? ಪಕ್ಕದ ಮನೆಯವರ ಪರಿಚಯ ನಿಮಗಿದೆಯೆ?

ಕೇಳಿ ಮುಗಿಸಿದ ಮೇಲೆ ಅವೇ ಮೂರು ಪ್ರಶ್ನೆಗಳನ್ನು ನಮ್ಮ ಮನೆಯಲ್ಲಿಯೂ ಕೇಳಿಕೊಳ್ಳುವುದು ಒಳ್ಳೆಯದು.